ಕ್ಯಾಸೆಟ್ಟಿನಲ್ಲಿಲ್ಲದ ನುಡಿ

ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರು ಮನೆಯ ಕಟ್ಟೆಯೂ ಕಾಣುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಹುಣಸಿಗೇರಿಯ ಸಂಗಪ್ಪ ಒಣಗಿದ ಸೋರೆಬುರುಡೆಗೆ ಬಿದಿರಿನ ಕೋಲು ಸೇರಿಸಿ ಒಂದೇ ಒಂದು ತಂತಿ ಬಿಗಿದ. ನಾನು ಏಕತಾರಿಯಾದೆ. ಚಳಿಗೆ ಶ್ರುತಿ ನಿಲ್ಲಲೊಲ್ಲದು. ಆತ ನನ್ನನ್ನು ಕಂಬಳಿಯೊಳಗೆ ಎದೆಗವಚಿಕೊಂಡು ಕೂತ. ಬಿಸಿಲೇರಿದ ಮೇಲೆ ಮೀಟಿ, “ಬಂತಲ್ಲಪಾ ದನಿ!” ಎಂದು ನನಗೆ ವಿಭೂತಿ ಹಚ್ಚಿದ.

ಸಂಗಪ್ಪನದು ಐದು ಜನರ ಭಜನಾ ಮೇಳ. ಅವರು ಹಾಡುತ್ತಿದ್ದುದು ಅತ್ತಿಮರದಯ್ಯನೆಂಬ ಗುರುವಿನ ಪದಗಳನ್ನು. ಆ ಗುರು ಒಂದಕ್ಷರ ಬರೆದಿಟ್ಟವನಲ್ಲ. ಸಂಗಪ್ಪನ ಅಜ್ಜನ ಕಿವಿಗೆ ಹೇಳಿಹೋದವನು. ಪ್ರತಿ ಪದದ ಕೊನೆಯ ನುಡಿಯಲ್ಲಿ, ಎಂದರೆ ಕಡೆಯ ಚರಣದಲ್ಲಿ, ಅವನ ಹೆಸರು ಬರುತ್ತದೆ. ಅದನ್ನು ಹಾಡದೆ ಮೇಳದವರು ಎದ್ದೇಳುವಂತಿಲ್ಲ. ಎದ್ದರೆ ಗುರುವಿನ ಋಣ ತಲೆಯ ಮೇಲೆ ಉಳಿದಂತೆ.

ಇಪ್ಪತ್ತು ವರ್ಷ ನಾನು ಊರೂರು ಕಂಡೆ. ಹೋದಲ್ಲೆಲ್ಲ ಮಣೆಯ ಮೇಲೆ ಕೂರಿಸಿ ಹೂವೇರಿಸುತ್ತಿದ್ದರು. ಗರ್ವ ಬಂದಿತ್ತೇ? ಬಂದಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಪಟ್ಟಣದಿಂದ ಕ್ಯಾಸೆಟ್ಟಿನವನೊಬ್ಬ ಬಂದ. ಜನ ಕೇಳಿ ಕೇಳಿ ಹಾಡಿಸಿಕೊಂಡಿದ್ದ ಪದಗಳಲ್ಲಿ ಹತ್ತನ್ನು ಆರಿಸಿದ. ಹತ್ತನೆಯದು ‘ಮನಿ ಸಾರಿಸಿ ಕುಂತೀನಿ, ಯಾವಾಗ ಬರತಿ ಗುರುವೆ’ ಎಂಬ ಪದ. ಅದರ ಕೊನೆಯ ನುಡಿಗೆ ಸಂಗಪ್ಪ ಉಸಿರೆಳೆದುಕೊಳ್ಳುತ್ತಿದ್ದಂತೆ ಅವನು ಕೈಯೆತ್ತಿದ.

“ಅಜ್ಜಾರ, ಟೇಪ್ ಮುಗೀತ್ರಿ.”

“ಇನ್ನೊಂದ ನುಡಿ ಐತ್ರಿ. ಗುರುವಿನ ಹೆಸರ ಬರೂದ ಅದರಾಗ.”

“ಮುಂದಿನ ಕ್ಯಾಸೆಟ್ಟಿನ್ಯಾಗ ಹಾಡೀರಂತ ಬಿಡ್ರಿ.”

ಅವನು ಸಾಮಾನು ಕಟ್ಟುತ್ತಿರುವಾಗಲೇ ಸಂಗಪ್ಪ ಕಣ್ಣು ಮುಚ್ಚಿ ಆ ನುಡಿ ಹಾಡಿ ಮುಗಿಸಿದ. ಕೇಳಿದ್ದು ನಾವು ಮೇಳದವರಷ್ಟೇ. ಮುಂದಿನ ಕ್ಯಾಸೆಟ್ ಬರಲೇ ಇಲ್ಲ.

ಬಂದದ್ದು ಅದೊಂದೇ, ‘ಹುಣಸಿಗೇರಿ ಮೇಳದ ಆಯ್ದ ಹತ್ತು ಪದಗಳು’. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ! ಚಹಾದಂಗಡಿ, ಟೆಂಪೊ, ಹಿಟ್ಟಿನ ಗಿರಣಿ, ಎಲ್ಲಿ ನೋಡಿದರೂ ಅದೇ. ಅದರೊಳಗೆ ಮಿಡಿಯುವವನು ನಾನೇ. ಆದರೂ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು. ನನಗೆ ಚಳಿ ತಾಕುತ್ತಿತ್ತು, ಅದಕ್ಕೆ ತಾಕುತ್ತಿರಲಿಲ್ಲ. ನನ್ನ ಬುರುಡೆ ಸೀಳತೊಡಗಿತ್ತು, ಅದರೊಳಗಿನ ನಾನು ಮಾತ್ರ ಮುದುಕನಾಗಲೊಲ್ಲೆ. ಮೂರನೆಯ ಪದದ ನಡುವೆ ಸಂಗಪ್ಪ ಕೆಮ್ಮಿದ್ದ. ಮದುವೆಮನೆಯ ಹೆಂಗಸರು ಆ ಪದ ಹಾಡುವಾಗ ಅದೇ ಜಾಗಕ್ಕೆ ಭಕ್ತಿಯಿಂದ ಕೆಮ್ಮುತ್ತಿದ್ದರು.

ಮೇಳಕ್ಕೆ ಕರೆ ಕಡಿಮೆಯಾಯಿತು. “ಕ್ಯಾಸೆಟ್ ಐತಲ್ಲ, ಐದು ಮಂದಿಗೆ ರೊಟ್ಟಿ ಬಡಿಯೋರ್ಯಾರು?” ಎಂದು ನಕ್ಕರು. ಒಂದು ಸೋಮವಾರ ಮಠದಲ್ಲಿ ನನ್ನ ಮಣೆಯ ಮೇಲೆ ಟೇಪ್‌ರೆಕಾರ್ಡರ್ ಕೂತಿತ್ತು. ಯಾರೋ ಅದಕ್ಕೇ ವಿಭೂತಿ ಎರಚಿದರು. ಬೂದಿ ಒಳಗೆ ಹೋಗಿ ರೀಲು ಕರುಳಿನಂತೆ ಹೊರಬಂತು. ನಾನು ಎಷ್ಟು ಹಿಗ್ಗಿದೆನೋ! ಸಂಗಪ್ಪ ಮಾತ್ರ ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ ಸರಿಮಾಡಿದ. ಅವನ ಮೇಲೂ ಸಿಟ್ಟು ಬಂತು.

ಕೊನೆಗೆ ನಾನು ಗೋಡೆಯ ಗೂಟ ಸೇರಿದೆ. ಮೇಳದ ನಾಲ್ವರು ಒಬ್ಬೊಬ್ಬರಾಗಿ ಮಣ್ಣಾದರು. ಸಂಗಪ್ಪನ ಗಂಟಲು ಕಟ್ಟಿ ದನಿ ಪಿಸುಮಾತಿನಷ್ಟಾಯಿತು. “ಮಂದಿ ಕಿವಿಗೆ ಮುಟ್ಟಲಿಲ್ಲ, ಒಂದ ನುಡಿ ಋಣ ಉಳೀತಲ್ಲೋ ಗುರುವೆ” ಎಂದು ಆತ ಗೋಡೆಗೊರಗಿ ಹೇಳಿಕೊಳ್ಳುತ್ತಿದ್ದ. ನಾನೋ, ಒಳಗೊಳಗೇ ಸುಖಪಡುತ್ತಿದ್ದೆ. ಆ ನುಡಿಯೊಂದು ಕ್ಯಾಸೆಟ್ಟಿಗೆ ಸಿಕ್ಕಿರಲಿಲ್ಲ, ಮೇಳದ ಬಾಯಲ್ಲಿ ಅದನ್ನು ಕೇಳಿದ್ದ ಹಳಬರೂ ಉಳಿದಿರಲಿಲ್ಲ. ಅದು ನನ್ನೊಂದಿಗೇ ಮಣ್ಣಾಗಲಿ ಎಂದುಕೊಂಡಿದ್ದೆ.

ಮೊನ್ನೆ ಗಿರಣಿಯ ಕಸ್ತೂರೆವ್ವ ಬಂದಳು. ಮೈತುಂಬ ಹಿಟ್ಟು, ಕೈಯಲ್ಲಿ ಫೋನು. ಕ್ಯಾಸೆಟ್ ಸವೆದರೂ ಹತ್ತೂ ಪದ ಈಗ ಅದರೊಳಗಿದ್ದವು.

“ಅಜ್ಜಾ, ದಿನಾ ಗಿರಣ್ಯಾಗ ನಿಮ್ಮ ಪದಾನ ಹಚ್ಚತೀನಿ. ಆ ಹತ್ತನೇದು ಕೇಳಿದಾಗೆಲ್ಲ ಜೀವ ಚುರ್ ಅಂತೈತಿ. ಮನಿ ಸಾರಿಸಿ ಅಷ್ಟು ದಾರಿ ಕಾದ್ರೂ ಅಂವ ಯಾಕ ಬರಲಿಲ್ರಿ?”

ಗೋಡೆಗೊರಗಿದ್ದ ಸಂಗಪ್ಪ ನೆಟ್ಟಗೆ ಕೂತ. “ಬಂದಾನವಾ. ಕ್ಯಾಸೆಟ್ಟಿನ್ಯಾಗ ಬಂದಿಲ್ಲ, ಅಷ್ಟ.”

“ಹಂಗಂದ್ರ?”

“ಆ ಗೂಟದಾಗಿಂದ ಅದನ್ನ ತಗೊಂಡ ಬಾ.”

ಅವಳು ನನ್ನ ಧೂಳನ್ನು ಸೆರಗಿನಿಂದ ಒರೆಸಿದಳು. ಫೋನನ್ನು ಎದುರಿಗಿಟ್ಟು, “ತುಂಬಿಸಿಕೊಳ್ಳಲೇನ್ರಿ?” ಎಂದಳು. ಸಂಗಪ್ಪ ಹೂಂ ಎಂದು ತಲೆಯಾಡಿಸಿದ. ನನ್ನ ಕೊನೆಯ ಆಸ್ತಿಯೂ ಹೋಗುತ್ತದೆಂದು ಮೈಯೆಲ್ಲ ಉರಿಯಿತು. ತುಕ್ಕು ಹಿಡಿದ ತಂತಿ ನನ್ನದು. ಅರೆಗಳಿಗೆ ಮನಸ್ಸು ಮಾಡಿದ್ದರೆ ಕಡಿದುಕೊಳ್ಳಬಹುದಿತ್ತು. ಆದರೆ ಸಂಗಪ್ಪನ ಬೆರಳು ತಾಕಿದಾಗ ತಿಳಿಯಿತು: ಊರಿಗೆ ಊರೇ ಬಾಗಿಲಲ್ಲಿ ಕಾದು ಕೂತಿದೆ, ಬಂದವನನ್ನು ಬಚ್ಚಿಟ್ಟುಕೊಂಡವನು ನಾನು.

ಮಿಡಿದೆ.

ಸಂಗಪ್ಪ ಪಿಸುದನಿಯಲ್ಲಿ ಒಂದೊಂದೇ ಮಾತು ಹೇಳಿಕೊಟ್ಟ. ಕಸ್ತೂರೆವ್ವ ಫೋನಿನ ಕಡೆ ನೋಡುವುದನ್ನೂ ಮರೆತು, ಕಣ್ಣು ಮುಚ್ಚಿ, ಮೆಲ್ಲಗೆ ಒಪ್ಪಿಸಿದಳು:

‘ಬಾಗಿಲ ಕಾಯಬ್ಯಾಡ, ಒಳಗ ಕುಂತಾನ
ಅತ್ತಿಮರದಯ್ಯ ಆಗಲೇ ಬಂದಾನ.’