ಮೂರ್ಛೆಯಿಲ್ಲದವರ ಔಷಧಿ

ವರ್ಲಿನ್ ಟೋಲೆಫ್ಸನ್‌ಗೆ ಮೂರ್ಛೆರೋಗ ಯಾವತ್ತೂ ಬಂದದ್ದಿಲ್ಲ. ಆದರೂ ಬೆಳಿಗ್ಗೆ ಸಂಜೆ ಅವರಿಗೆ ಮೂರ್ಛೆಯ ಔಷಧಿ ಕೊಡುವವಳು ನಾನು. ಕ್ಯಾಪ್ಸೂಲ್ ಬಿಡಿಸಿ, ಒಳಗಿನ ಬಿಳಿ ಹರಳುಗಳನ್ನು ಅರೆದ ಸೇಬಿನ ಮೇಲೆ ಉದುರಿಸಿ ತಿನ್ನಿಸುತ್ತೇನೆ. ನಮ್ಮ ವೃದ್ಧಾಶ್ರಮದಲ್ಲಿ ಮರೆವಿನ ರೋಗದವರು ರೇಗಾಡಿದರೆ ಇದನ್ನು ಬರೆಯುವುದು ರೂಢಿ. ರೇಗಾಟಕ್ಕೆ ಇದು ಮದ್ದೆಂದು ಡಬ್ಬಿಯ ಮೇಲೆ ಎಲ್ಲೂ ಇಲ್ಲ. ಇಲ್ಲದಿದ್ದರೂ ಕೊಡುವ ಅಧಿಕಾರ ಡಾಕ್ಟರಿಗಿದೆ.

ಅಮೆರಿಕದ ವಿಸ್ಕಾನ್ಸಿನ್ನಿನ ಈ ಕಡೆಯ ಬಹಳ ಜನರಂತೆ ವರ್ಲಿನ್ ಹಸು ಸಾಕಿದವರು. ಆಶ್ರಮಕ್ಕೆ ಬಂದ ಮೇಲೂ ಬೆಳಗಿನ ಜಾವ ಎದ್ದು ಹಾಲು ಕರೆಯಲು ಹೊರಡುತ್ತಿದ್ದರು. ತಡೆದರೆ ಕೈ ಬೀಸುತ್ತಿದ್ದರು. ನನ್ನ ಜೊತೆಯ ನರ್ಸ್ ಕೊಲೆಟ್‌ಳ ಹೆಗಲಿಗೆ ಮೊಣಕೈ ಬಿದ್ದ ಮೇಲೆ ಅವಳೇ ಡಾಕ್ಟರನ್ನು ಕೇಳಿ ಔಷಧಿ ಬರೆಸಿದಳು. ಇನ್ನೊಮ್ಮೆ ಹೊಡೆದರೆ ಮಿಲ್ವಾಕಿಯ ಆಶ್ರಮವೊಂದಕ್ಕೆ ಕಳಿಸುವುದಾಗಿ ಮೇಲಿನವರು ಹೇಳಿದ್ದರು. ದಿನಾ ಮಧ್ಯಾಹ್ನ ಬಂದು ಊಟ ಮಾಡಿಸುವ ಹೆಂಡತಿ ಆರ್ಡಿಸ್ ಅಷ್ಟು ದೂರ ಕಾರು ಓಡಿಸಲಾರರು.

ಈಗ ವರ್ಲಿನ್ ಹೊಡೆಯುವುದಿಲ್ಲ. ಕೂತಲ್ಲೇ ತೂಕಡಿಸುತ್ತಾರೆ. ತುತ್ತು ಬಾಯಲ್ಲೇ ಉಳಿಯುತ್ತದೆ. ಪ್ಯಾಂಟು ಸೊಂಟದಲ್ಲಿ ನಿಲ್ಲುವುದಿಲ್ಲ.

ಔಷಧಿ ಕಡಿಮೆ ಮಾಡಲು ಡಾಕ್ಟರನ್ನು ಕೇಳೋಣವೇ ಎಂದು ಕೊಲೆಟ್‌ಳನ್ನು ಕೇಳಿದೆ.

"ಮೊಣಕೈ ಬಿದ್ದಿದ್ದು ನಿನ್ನ ಹೆಗಲಿಗಲ್ಲ ನೋಡು, ಅದಕ್ಕೇ ಕರುಣೆ ಉಕ್ತಿದೆ," ಎಂದಳು.

ಸುಳ್ಳಲ್ಲ. ನನಗೂ ಹೆದರಿಕೆಯಿತ್ತು. ಕಡಿಮೆ ಮಾಡಿದ ಮೇಲೆ ಅವರು ಹೊಡೆದರೆ, ಗಂಡ ಹೆಂಡತಿಯನ್ನು ಬೇರೆ ಮಾಡಿದವಳು ನಾನಾಗುತ್ತೇನೆ. ನರ್ಸಿಂಗ್ ಓದುವಾಗ ಸಂಜೆ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದಕ್ಕೆ ಉತ್ತರ ಇದ್ದರೆ ನನಗೆ ನೆನಪಿಲ್ಲ.

ಎರಡೂ ಕಡೆಯದನ್ನು ಆರ್ಡಿಸ್‌ಗೆ ಬಿಡಿಸಿ ಹೇಳಿದೆ. ಅವರು ಗಂಡನ ತುಟಿ ಒರೆಸಿದರು.

"ಮುಂಚೆ ನನ್ನ ಹೆಸರು ಹಿಡಿದು ಬೈತಿದ್ರು ಕಣಮ್ಮಾ. ಈಗ ಅದೂ ಇಲ್ಲ. ಕಡಿಮೆ ಮಾಡಿಸು."

ಡಾಕ್ಟರು ಒಪ್ಪಿದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ತಿಳಿದಿದ್ದರೆ ಮೊದಲೇ ಕೇಳಬಹುದಿತ್ತು.

ಕೆಲವು ದಿನಗಳ ನಂತರ ಊಟದ ಹೊತ್ತಿಗೆ ವರ್ಲಿನ್ ಕಣ್ಣು ಪೂರ್ತಿ ತೆರೆದಿದ್ದರು. ಆರ್ಡಿಸ್ ಆಲೂಗಡ್ಡೆಯ ಚಮಚ ಬಾಯಿಗೆ ಹಿಡಿದರು. ವರ್ಲಿನ್ ಕೈ ಬೀಸಿದರು. ಆರ್ಡಿಸ್‌ರ ಕನ್ನಡಕ ಮೇಜಿನಡಿಗೆ ಹೋಗಿ ಬಿತ್ತು. ಸದ್ದಿಗೆ ಕೊಲೆಟ್ ಬಾಗಿಲಿಗೆ ಬಂದಳು.

"ಜಾರಿ ಬಿತ್ತು," ಎಂದರು ಆರ್ಡಿಸ್. ಮೂಗಿನ ಮೇಲೆ ಕೆಂಪು ಗೆರೆ ಎದ್ದಿತ್ತು.

ಕೊಲೆಟ್ ನನ್ನತ್ತ ನೋಡಿದಳು. ಸುಮ್ಮನಿರಬಹುದಿತ್ತು, ಆಗಲಿಲ್ಲ. "ಅವರ ಕೈ ತಗುಲ್ತು," ಎಂದೆ.

ಕೊಲೆಟ್ ಕನ್ನಡಕ ಎತ್ತಿ ಕೊಟ್ಟಳು. "ಅದು ಹೊಡೆತ ಅಲ್ಲ. ಹೊಡೆತ ಹೆಂಗಿರುತ್ತೆ ಅಂತ ನಂಗೊತ್ತು. ಬಾಯಿಗೆ ತುರುಕಿದ್ರೆ ನಾನೂ ತಳ್ತೀನಿ." ಬೇರೆ ಚಮಚ ತಂದು ವರ್ಲಿನ್‌ರ ಕೈಗೇ ಕೊಟ್ಟಳು.

ಅರ್ಧ ಅಂಗಿಯ ಮೇಲೆ, ಅರ್ಧ ಬಾಯಿಗೆ. ನಾವು ಮೂವರೂ ನೋಡುತ್ತಿದ್ದೆವು. ಅವರು ನುಂಗಿದರು.

"ಉಪ್ಪೇ ಹಾಕಿಲ್ಲ, ಆರ್ಡಿಸ್," ಎಂದು ಗದರಿದರು.

ಆರ್ಡಿಸ್ ಉಪ್ಪು ತರಲು ಎದ್ದರು.