ಅಂತೂರ ಬೆಂತೂರಿನ ಜಲಾಂತರ್ಗಾಮಿ

ಅಂತೂರ ಬೆಂತೂರಿನಲ್ಲಿ ಈಶಪ್ಪನನ್ನು ಎಲ್ಲರೂ ಮಿಲ್ಟ್ರಿ ಈಶಪ್ಪ ಎಂದೇ ಕರೆಯುತ್ತಿದ್ದರು. ಮಿಲ್ಟ್ರಿ ಅಲ್ಲ, ನೇವಿ ಎಂದು ತಿದ್ದಿ ತಿದ್ದಿ ಅವನಿಗೆ ಸಾಕಾಗಿತ್ತು. ವಿಶಾಖಪಟ್ಟಣದಲ್ಲಿ ಜಲಾಂತರ್ಗಾಮಿಯ ಇಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಈಗ ಎರೆಹೊಲದಲ್ಲಿ ಕಡಲೆ ಬಿತ್ತುತ್ತಿದ್ದರೂ ಮನಸ್ಸು ಇನ್ನೂ ನೀರಿನ ಕೆಳಗೇ ಇತ್ತು. ಯಾವ ಯುದ್ಧದಲ್ಲಿ ಯಾವ ದೇಶದ ಜಲಾಂತರ್ಗಾಮಿ ಮುಳುಗಿತು, ಅದರ ಸ್ಮಾರಕ ಯಾವ ಕಡಲದಂಡೆಯ ಮೇಲಿದೆ ಎಂದು ಚಹಾದಂಗಡಿಯಲ್ಲಿ ಶುರು ಮಾಡಿದನೆಂದರೆ ಎದುರಿಗಿದ್ದವರ ಚಹಾ ಆರಿ ತಣ್ಣಗಾಗುತ್ತಿತ್ತು. ಪಕ್ಕದ ಮನೆಯ ಮುದುಕಿ ಮರಿಯವ್ವನಿಗಂತೂ ಮೂಲದಲ್ಲೇ ಅನುಮಾನ. ಮುಣುಗಲಿ ಅಂತಲೇ ಯಾರಾದರೂ ಹಡಗು ಕಟ್ಟುತ್ತಾರೆಯೇ ಎಂದು ಕೇಳುತ್ತಿದ್ದಳು.

ಕಡಲು ಕಾಣದ ನಮ್ಮ ಸೀಮೆಗೂ ಒಂದು ಸ್ಮಾರಕ ಬೇಕು ಎಂಬುದು ಈಶಪ್ಪನ ಹಟ. ಶಿರಹಟ್ಟಿಯ ಗುಜರಿಯಿಂದ ಹಳೆಯ ನೀರಿನ ಟ್ಯಾಂಕರೊಂದನ್ನು ತಂದು ಮನೆ ಮುಂದೆ ಇಳಿಸಿದ. ವೆಲ್ಡಿಂಗ್ ನಬಿಸಾಬ ಅದರ ನೆತ್ತಿಗೆ ಒಂದು ಡ್ರಮ್ ಕೂರಿಸಿ, ಕೆಳಗಿಳಿಯಲು ಬಾಯಿ ಕೊರೆದು, ಬೋರ್‌ವೆಲ್ ಪೈಪನ್ನು ಬಗ್ಗಿಸಿ ದುರ್ಬೀನು ಮಾಡಿಕೊಟ್ಟ. ಕಪ್ಪು ಬಣ್ಣ ಆರುವಷ್ಟರಲ್ಲಿ ಊರಿನ ಹೆಂಗಸರು ಕೊಡ ತಂದು ಪಾಳಿ ಹಚ್ಚಿದ್ದರು. ನೀರು ಬರುವುದಿಲ್ಲ, ಇದು ನೀರಿನೊಳಗೆ ಇರುವಂಥದ್ದು ಎಂದು ಈಶಪ್ಪ ತಿಳಿಸಿ ಹೇಳಿದ ಮೇಲೆ ಬೈದುಕೊಂಡು ಹೋದರು.

ಡಿಸೆಂಬರಿನ ನೌಕಾದಿನಕ್ಕೆ ಉದ್ಘಾಟನೆ ಇಟ್ಟುಕೊಂಡ. ಹೆಂಡತಿ ನಾಗರತ್ನಾ ಊರಿಗೆಲ್ಲ ಆಗುವಷ್ಟು ಗೋಧಿ ಹುಗ್ಗಿ ಮಾಡಿದಳು. ಹಳೆಯ ಬಿಳಿ ಸಮವಸ್ತ್ರ ಹೇಗೋ ಮೈಗೆ ಹತ್ತಿತು, ಗುಂಡಿಗಳು ಮಾತ್ರ ಪ್ರಾಣ ಹಿಡಿದುಕೊಂಡಿದ್ದವು. ಈಶಪ್ಪ ಟ್ಯಾಂಕರಿನ ಮೇಲೆ ನಿಂತು ಜನರಿಗೆ ತಾಕೀತು ಮಾಡಿದ.

"ಮ್ಯಾಲೆ ವೈರಿ ಹಡಗ ಇದ್ದಾಗ ಒಳಗ ಒಂದ ಚಮಚಾ ಬಿದ್ರೂ ಎಲ್ಲಾರೂ ಸತ್ತಂಗ. ನಾ ಒಳಗ ಇಳದು ಗಂಟಿ ಬಾರಸೂತನಕಾ ಯಾರೂ ಮಿಸುಕಬ್ಯಾಡ್ರಿ. ಏನ ಕೇಳಿದ್ರೂ ಪಿಟ್ ಅನಬ್ಯಾಡ್ರಿ."

ಜನ ತಲೆ ಬಗ್ಗಿಸಿ ನಿಂತರು. ಈಶಪ್ಪ ಡ್ರಮ್ಮಿನೊಳಗೆ ಕಾಲು ಬಿಟ್ಟ, ಸೊಂಟ ಬಿಟ್ಟ, ಹೊಟ್ಟೆಯ ಹತ್ತಿರ ನಿಂತುಬಿಟ್ಟ. ಬಾಯಿಗೆ ಅಳತೆ ಕೊಟ್ಟವನು ಅವನೇ, ಆದರೆ ಕೊಟ್ಟದ್ದು ನೌಕರಿಗೆ ಸೇರಿದ ಕಾಲದ ಹೊಟ್ಟೆಯದು. ಕೆಳಗೂ ಇಲ್ಲ, ಮೇಲೂ ಇಲ್ಲ. ಗಂಟೆ ಒಳಗಡೆ ತೂಗುತ್ತಿತ್ತು. ಸಿಕ್ಕಿಕೊಂಡಿದ್ದೇನೆ ಎಂದು ಮೆಲ್ಲಗೆ ಹೇಳಿದ. ಯಾರೂ ಮಿಸುಕಲಿಲ್ಲ. ಸ್ವಲ್ಪ ಜೋರಾಗಿ ಹೇಳಿದ. ಯುದ್ಧದಲ್ಲಿ ಹೀಗೇ ಆಗಿರಬೇಕು ಎಂದುಕೊಂಡು ಮರಿಯವ್ವ ಕಣ್ಣೊರೆಸಿಕೊಂಡಳು. ಇಷ್ಟು ಶಿಸ್ತಿನ ಜನರನ್ನು ಈಶಪ್ಪ ನೌಕಾಪಡೆಯಲ್ಲೂ ಕಂಡಿರಲಿಲ್ಲ. ಹೆಮ್ಮೆಪಡಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮುಖ್ಯ ಅತಿಥಿ ಸಿದ್ದಲಿಂಗೇಶ ತಡವಾಗಿ ಶಿರಹಟ್ಟಿಯಿಂದ ಬಂದಿಳಿದ. ಹಿಂದೆ ತಾಲ್ಲೂಕು ಪಂಚಾಯ್ತಿ ಮೆಂಬರನಾಗಿದ್ದ ಆ ಮನುಷ್ಯ ಕನ್ನಡಕ ಮನೆಯಲ್ಲೇ ಮರೆತಿದ್ದ. ಎದುರು ಬಿಸಿಲಿನಲ್ಲಿ ಅವನಿಗೆ ಕಂಡದ್ದು ತಲೆ ಬಗ್ಗಿಸಿ ನಿಂತ ಜನ, ಕರಿ ಕಟ್ಟೆ, ಅದರ ಮೇಲೆ ಬಿಳಿ ಬಣ್ಣದ ಅರ್ಧ ಮೂರ್ತಿ. ತನ್ನ ಕೆಲಸ ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚೆಂಡುಹೂವಿನ ಮಾಲೆ ಹಿಡಿದು ಏಣಿ ಹತ್ತಿ, ಈಶಪ್ಪನ ಕೊರಳಿಗೆ ಹಾಕಿ, ಕೈಮುಗಿದು, ಗಲ್ಲ ಮುಟ್ಟಿ ನೋಡಿದ.

"ಭಾಳ ಚಲೋ ಮಾಡ್ಯಾರ," ಎಂದ ತನ್ನಷ್ಟಕ್ಕೆ. "ಖರೇ ಮನಷ್ಯಾನಂಗ ಐತಿ."

"ಖರೇ ಮನಷ್ಯಾನ ಅದೀನ್ರೀ ಸರ," ಎಂದ ಈಶಪ್ಪ. "ಒಂದೀಟ ಎಣ್ಣಿ ತರಸ್ರಿ."

ಸಿದ್ದಲಿಂಗೇಶ ಏಣಿಯ ಮೆಟ್ಟಿಲುಗಳನ್ನು ಬಳಸದೆಯೇ ಕೆಳಗೆ ಬಂದ. ಪುಣ್ಯಕ್ಕೆ ಹೊಟ್ಟಿನ ಬಣವೆ ಇತ್ತು. ಈಗ ಜನ ಮಿಸುಕಿದರು. ನಾಗರತ್ನಾ ಶೇಂಗಾ ಎಣ್ಣೆಯ ಡಬ್ಬಿ ತಂದು ಗಂಡನ ಹೊಟ್ಟೆಯ ಸುತ್ತ ಸುರಿಯುತ್ತ, ದಿನಾ ಮೂರು ರೊಟ್ಟಿ ಸಾಕು ಅಂತ ಹೇಳುತ್ತಿದ್ದೆ, ಕೇಳಿದಿರಾ ಎಂದು ಊರಿನ ಮುಂದೆಯೇ ವಿಚಾರಣೆ ನಡೆಸಿದಳು. ನಬಿಸಾಬ ಮತ್ತು ನಾಲ್ಕು ಜನ ಕಂಕುಳಿಗೆ ಕೈಕೊಟ್ಟು ಎಳೆದಾಗ ಈಶಪ್ಪ ಗುಂಡಿಗಳನ್ನೆಲ್ಲ ಸಿಡಿಸುತ್ತ ಹೊರಬಿದ್ದ. ನಗು ತಡೆದುಕೊಂಡವರು ಒಬ್ಬರೂ ಇರಲಿಲ್ಲ.

ನಗು ಅಡಗಿದ ಮೇಲೆ ಮರಿಯವ್ವ ಹತ್ತಿರ ಬಂದು, ಯುದ್ಧದಲ್ಲಿ ಸಿಕ್ಕಿಕೊಂಡವರನ್ನೂ ಹೀಗೇ ಎಳೆದು ತೆಗೆದರೇನು ಎಂದು ಕೇಳಿದಳು.

"ಇಲ್ಲವ್ವ," ಎಂದ ಈಶಪ್ಪ. "ಭಾಳ ಮಂದಿ ಅಲ್ಲೇ ಅದಾರ, ಸಮುದ್ರದ ತಳದಾಗ. ಅವರಿಗೆ ಮಣ್ಣೂ ಇಲ್ಲ, ಗೋರಿನೂ ಇಲ್ಲ."

"ಹಂಗಾರ ಅವರಿಗೆ ಎಡಿ ಎಲ್ಲಿ ಹಿಡೀತಾರಪಾ?"

ಮರಿಯವ್ವ ಉತ್ತರಕ್ಕೆ ಕಾಯಲಿಲ್ಲ. ಬಾಳೆಲೆಯ ತುಂಡಿನ ಮೇಲೆ ಹುಗ್ಗಿ ಬಡಿಸಿಕೊಂಡು, ಮೇಲೆ ತುಪ್ಪ ಬಿಟ್ಟು, ಟ್ಯಾಂಕರಿನ ಮುಂದೆ ಇಟ್ಟು ನೀರು ಬಿಟ್ಟಳು. ಈ ಸಲ ಯಾರ ತಾಕೀತೂ ಇಲ್ಲದೆ ಜನ ತಲೆ ಬಗ್ಗಿಸಿದರು.

ಕಾಗೆ ಬರಲಿಲ್ಲ. ಓಣಿಯ ಕಂದು ನಾಯಿ ಬಂದು ಎಲೆಗೆ ಬಾಯಿ ಹಾಕಿತು. ಹಚಾ ಎನ್ನಲು ಹೋದ ನಬಿಸಾಬನನ್ನು ಮರಿಯವ್ವ ತಡೆದಳು.

"ಇರ್ಲಿ ಬಿಡಪಾ. ಅಷ್ಟ ದೂರದಿಂದ ಯಾರ ಯಾವ ರೂಪದಾಗ ಬಂದಾರೋ."

ನಾಯಿ ಉಂಡು ಮುಗಿಸುವ ತನಕ ಈಶಪ್ಪ ಎಣ್ಣೆಯ ಕೈಯನ್ನು ಹಣೆಗೆ ಹಚ್ಚಿ, ಸೆಟೆದು ಸೆಲ್ಯೂಟ್ ಹೊಡೆದು ನಿಂತಿದ್ದ.