ಎರಡು ಬೆರಳು ದ್ರಾವಣ

ಗೆರೆ ದಪ್ಪಗಿದೆ ಎಂಬುದು ಅವಳ ಕಣ್ಣಿಗೆ ಬಿದ್ದದ್ದು ಮಾರನೆಯ ಬೆಳಿಗ್ಗೆ, ವರದಿಗೆ ಸಹಿ ಹಾಕಿಯಾದ ಮೇಲೆ.

ಔಷಧ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಎನ್‌ಎಂಆರ್ ಯಂತ್ರ ಅವಳ ಪಾಲಿನದು. ಆಳೆತ್ತರದ ಉಕ್ಕಿನ ಹಂಡೆಯಂಥ ಅಯಸ್ಕಾಂತ. ಅದರ ನೆತ್ತಿಯಿಂದ ಪೆನ್ಸಿಲ್ಲಿಗಿಂತ ತೆಳ್ಳಗಿನ ಗಾಜಿನ ಕೊಳವೆ ಇಳಿಬಿಟ್ಟು, ಒಳಗಿನ ದ್ರವವನ್ನು ರೇಡಿಯೊ ಅಲೆಯಿಂದ ಒಮ್ಮೆ ತಟ್ಟಿದರೆ ಅದು ಗಂಟೆಯ ನಾದದಂತೆ ಮಿಡಿದು ಅಡಗುತ್ತದೆ. ಆ ಮಿಡಿತವೇ ಪರದೆಯ ಮೇಲೆ ಗೆರೆಗಳಾಗಿ ನಿಲ್ಲುತ್ತದೆ. ಒಂದೊಂದು ವಸ್ತುವಿಗೂ ತನ್ನದೇ ಜಾಗ.

ನಿನ್ನೆ ಪರೀಕ್ಷಿಸಿದ್ದು ಮಕ್ಕಳ ಕೆಮ್ಮಿನ ಸಿರಪ್ಪಿಗೆಂದು ಬಂದ ಒಂದು ಡ್ರಮ್ ಗ್ಲಿಸರಿನ್. ಅದನ್ನು ಕರಗಿಸುವ ಭಾರಜಲದ ಸೀಸೆ ತಳ ಕಂಡಿತ್ತು. ಮೂರು ಬೆರಳು ತುಂಬಬೇಕಾದ ಕೊಳವೆಗೆ ಎರಡೇ ಬೆರಳು ತುಂಬಿ, ಸಾಕು ಅಂದುಕೊಂಡಿದ್ದಳು. ಹಾಗೆ ಕಡಿಮೆಯಾದರೆ ಕಾಂತ ಹದಕ್ಕೆ ಬರುವುದಿಲ್ಲ, ಗೆರೆ ಊದಿಕೊಳ್ಳುತ್ತದೆ. ಗ್ಲಿಸರಿನ್ನಿಗೆ ಕೆಲವೊಮ್ಮೆ ಕಲಬೆರಕೆಯಾಗಿ ಬರುವ, ಮಕ್ಕಳ ಮೂತ್ರಪಿಂಡ ಕೆಡಿಸುವ ವಿಷವೊಂದರ ಗೆರೆ ಗ್ಲಿಸರಿನ್ನಿನ ಮಗ್ಗುಲಲ್ಲೇ ಕೂರುವಂಥದ್ದು. ಊದಿದ ಗೆರೆಯ ಹೊಟ್ಟೆಯೊಳಗೆ ಅದು ಇದ್ದರೂ ಕಾಣದು.

ವಿಭಾಗದ ಮುಖ್ಯಸ್ಥರು ಅವಳ ಸೋದರಮಾವ.

“ಮಾವ, ಆ ಡ್ರಮ್ ಕಳಿಸ್ಬೇಡಿ. ನನ್ನ ವರದಿ ತಪ್ಪು.”

“ನಿನ್ನೆ ನೀನೇ ಶುದ್ಧ ಅಂತ ಬರೆದೆಯಲ್ಲೇ. ಹನ್ನೊಂದಕ್ಕೆ ಬೆರೆಸೋಕೆ ಹಾಕ್ತಾರೆ.”

“ಕೊಳವೆ ಕಡಿಮೆ ತುಂಬಿದ್ದೆ.”

ಮಾವ ಕನ್ನಡಕ ಹಣೆಗೇರಿಸಿದರು. “ನಿಮ್ಮಮ್ಮನೂ ಹೀಗೇ. ಬೀಗ ಹಾಕಿ ಬೀದಿ ತುದಿವರೆಗೆ ಹೋಗಿ, ವಾಪಸ್ ಬಂದು ಜಗ್ಗಿ ನೋಡೋಳು.”

“ಒಂದ್ಸಲ ಬೀಗ ಹಾಕೇ ಇರ್ಲಿಲ್ಲ, ಮಾವ.”

“ಬಾಯಿಗೇನೂ ಕಡಿಮೆಯಿಲ್ಲ. ತಪ್ಪು ನಿನ್ನ ಹೆಸರಲ್ಲೇ ದಾಖಲಾಗುತ್ತೆ, ಗೊತ್ತಲ್ಲ? ಮಾವ ಅಂತ ನಾನು ಅಳಿಸೋಕಾಗಲ್ಲ.”

“ಅಳಿಸಿ ಅಂದ್ನಾ?”

ಅವರ ಮೇಜಿನ ಮೇಲೇ ವರದಿಯ ಪುಸ್ತಕ ಬಿಡಿಸಿ, ನಿನ್ನೆಯ ಸಾಲಿನ ಮೇಲೆ ಗೆರೆ ಎಳೆದು ಬರೆದಳು: ಕೊಳವೆ ಕಡಿಮೆ ತುಂಬಿದ್ದರಿಂದ ವರದಿ ಹಿಂಪಡೆದಿದ್ದೇನೆ. ಸಹಿ, ಸಮಯ. ವರದಿಯಿಲ್ಲದೆ ಡ್ರಮ್ ಕದಲುವಂತಿಲ್ಲ. ಮಾವ ನಿಟ್ಟುಸಿರಿಟ್ಟು ಫೋನ್ ಎತ್ತಿಕೊಂಡರು.

ಭಾರಜಲದ ಹೊಸ ಸೀಸೆ ತೆರೆದಳು. ಅಳತೆಪಟ್ಟಿ ಹಿಡಿದು ಮೂರು ಬೆರಳು ತುಂಬಿದಳು. ಕಾಂತವನ್ನು ಹದಗೊಳಿಸುವುದು ಅವಸರದ ಕೆಲಸವಲ್ಲ. ಒಂದು ಎಳೆ ಬಿಗಿದರೆ ಇನ್ನೊಂದು ಸಡಿಲ. ಅವಳ ಚಿಕ್ಕಂದಿನಲ್ಲಿ ಅಜ್ಜಿ ಪದ್ಯ ಓದುವಾಗ ಒಂದಕ್ಷರ ಜಾರಿದರೂ ತಾತ ಮುಚ್ಚಿದ ಕಣ್ಣು ತೆರೆಯದೆ ಬೆರಳೆತ್ತುತ್ತಿದ್ದರು, ಅಜ್ಜಿ ಆ ಸಾಲನ್ನು ಮೊದಲಿಂದ ಓದುತ್ತಿದ್ದಳು. ಈಗ ಅವಳೂ ಆರು ಸಲ ಮೊದಲಿಂದ ಶುರುಮಾಡಿದಳು. ಏಳನೆಯದಕ್ಕೆ ಗೆರೆಗಳು ಸೂಜಿಯಾಗಿ ನಿಂತವು.

ಗ್ಲಿಸರಿನ್ನಿನ ಮಗ್ಗುಲಲ್ಲಿ ಇನ್ನೊಂದು ಗೆರೆ. ಗಿಡ್ಡದು, ಸ್ಪಷ್ಟವಾದದ್ದು.

ಕಪಾಟಿನಲ್ಲಿದ್ದ ಅದೇ ವಿಷದ ಮಾದರಿಯಿಂದ ಸೂಜಿಮೊನೆಯಷ್ಟು ಬೆರೆಸಿ ಮತ್ತೆ ತಟ್ಟಿದಳು. ಬೇರೆ ಗೆರೆ ಹುಟ್ಟಲಿಲ್ಲ. ಅದೇ ಗೆರೆ ಎತ್ತರವಾಯಿತು.

ಮಾವ ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿದಿರಲಿಲ್ಲ. ಕನ್ನಡಕ ಕಣ್ಣಿಗಿಳಿಸಿ ಪರದೆಯತ್ತ ಬಾಗಿದರು.

“ಇನ್ನೊಂದು ಕೊಳವೆ ತುಂಬು,” ಅಂದರು. “ಈ ಸಲ ನಾನೂ ಪಕ್ಕದಲ್ಲಿರ್ತೀನಿ. ಇಬ್ಬರ ಸಹಿಯೂ ಇರ್ಲಿ.”

ಅವಳಾಗಲೇ ಅಳತೆಪಟ್ಟಿಯನ್ನು ಕೊಳವೆಗೆ ಹಿಡಿದಿದ್ದಳು.